ಎಂಎಕ್ಸ್-5 ಯಾಕೆ, ಉಳಿದವು ಯಾಕಲ್ಲ? ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಮೆಕ್ಯಾನಿಕ್: ಎಲ್ಲರಿಗೂ ನಮಸ್ಕಾರ. ಇಪ್ಪತ್ತೆರಡು ವರ್ಷದಿಂದ ಹೆಚ್ಚುಕಡಿಮೆ ಎರಡು ಸೀಟಿನ, ಟಾಪ್ ಮಡಚೋ ಕಾರುಗಳ ಕೆಲಸವನ್ನೇ ಮಾಡ್ತಿದೀನಿ. ಮಾಜ್ದಾ ಎಂಎಕ್ಸ್-5, ಹೋಂಡಾ ಎಸ್2000, ಪೋರ್ಷೆ ಬಾಕ್ಸ್‌ಸ್ಟರ್, ಬಿಎಂಡಬ್ಲ್ಯು ಝಡ್4, ನಾಲ್ಕನ್ನೂ ಬಿಚ್ಚಿ ಕೂಡಿಸಿದೀನಿ. ಯಾವುದನ್ನ ಯಾಕೆ ತಗೋಬೇಕು, ತಗೊಳ್ಳೋ ಮುಂಚೆ ಏನು ನೋಡ್ಬೇಕು, ಕೇಳಿ. ಕಾರಿನ ಇಸವಿ, ಎಂಜಿನ್ ಎಷ್ಟು ಲೀಟರ್ ಅಂತ ಬರೆದು ಕೇಳಿ. ಇಲ್ಲದಿದ್ರೆ ಉತ್ತರ ಕೊಡೋದು ಕಷ್ಟ.

ಕಾಲುದಾರಿ: ಸರ್, ಮೂರು ವಾರದಲ್ಲಿ ಮೂರು ಕಾರು ಓಡಿಸಿ ನೋಡಿದೆ. 2001ರ ಎಸ್2000, 2003ರ ಝಡ್4 3.0, 1992ರ ಎಂಎಕ್ಸ್-5 1.6. ಮೂರರಲ್ಲಿ ಕೊನೇದೇ ನಿಧಾನ. ಆದ್ರೆ ಮನೆಗೆ ಬಂದ ಮೇಲೂ ಮನಸ್ಸಲ್ಲಿ ಓಡ್ತಿರೋದು ಅದೊಂದೇ. ಲೆಕ್ಕದಲ್ಲಿ ಸೋತ ಕಾರು ಯಾಕೆ ಹಿಡಿಸ್ತಿದೆ? ನನಗೆ ನಾನೇ ಸಮಾಧಾನ ಹೇಳ್ಕೊಳ್ತಿದೀನಾ?

ಮೆಕ್ಯಾನಿಕ್: ಸಮಾಧಾನ ಅಲ್ಲ. ಈ ಪ್ರಶ್ನೆ ನನಗೆ ಇಷ್ಟ, ಸ್ವಲ್ಪ ಉದ್ದ ಬರೀತೀನಿ.

ಮೊದಲು ತೂಕ. ನೀವು ಓಡಿಸಿದ 1.6 ಒಂದು ಟನ್ನಿನ ಆಸುಪಾಸು. ಎಸ್2000 ಸುಮಾರು 1,250 ಕೆಜಿ, ಆ ಝಡ್4 1,300 ದಾಟುತ್ತೆ. ಮುನ್ನೂರು ಕೆಜಿ ಅಂದ್ರೆ ನಾಲ್ಕು ಜನ. ಅವರನ್ನ ಕೂರಿಸ್ಕೊಂಡು ತಿರುವು ತಗೊಂಡ್ರೆ ಹೇಗಿರುತ್ತೆ ಯೋಚಿಸಿ. ಬ್ರೇಕ್, ಟೈರ್, ಸ್ಪ್ರಿಂಗ್ ಎಲ್ಲವೂ ಆ ಭಾರಕ್ಕೆ ತಕ್ಕಂತೆ ದಪ್ಪ ಆಗ್ತಾ ಹೋಗ್ತವೆ. ದಪ್ಪ ಆದಷ್ಟೂ ರಸ್ತೆಯ ಸುದ್ದಿ ಕೈಗೆ ಬರೋದು ಕಮ್ಮಿ.

ಇನ್ನು ಎಂಜಿನ್. ಎಸ್2000ದು ಅದ್ಭುತ ಎಂಜಿನ್, ಅದರಲ್ಲಿ ಎರಡು ಮಾತಿಲ್ಲ. 2 ಲೀಟರಿಗೆ ಟರ್ಬೊ ಇಲ್ಲದೆ 240 ಅಶ್ವಶಕ್ತಿ, ಅದೂ ನಿಮಿಷಕ್ಕೆ 8,300 ಸುತ್ತಿನಲ್ಲಿ. ಆದ್ರೆ ಅದು ಎಚ್ಚರ ಆಗೋದೇ 6,000 ದಾಟಿದ ಮೇಲೆ. ದಿನನಿತ್ಯದ ರಸ್ತೆಯಲ್ಲಿ ಅಲ್ಲಿಗೆ ಎಷ್ಟು ಸಲ ಹೋಗ್ತೀರಿ? ಎಂಎಕ್ಸ್-5ರ ಎಂಜಿನ್ ಅದರ ಅರ್ಧ ಶಕ್ತಿಯದು. ಅದನ್ನ ಪೂರ್ತಿ ಬಳಸ್ಕೋಬಹುದು, ಲೈಸೆನ್ಸೂ ಉಳಿಯುತ್ತೆ.

ಮೂರನೇದು ಕಾರಿನ ಅಡಿಯಲ್ಲಿ ಮಲಗಿದ್ರೆ ಮಾತ್ರ ಕಾಣೋದು. ಗೇರ್‌ಬಾಕ್ಸಿನ ಬಾಲದಿಂದ ಹಿಂದಿನ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಕ್ಕೂ ಶಕ್ತಿ ಹಂಚೋ ಗೇರುಗಳ ಪೆಟ್ಟಿಗೆ) ತನಕ ಒಂದು ಉದ್ದನೆಯ ಅಲ್ಯೂಮಿನಿಯಂ ತೊಲೆ ಇದೆ, ತೂಕ ಇಳಿಸೋಕೆ ಉದ್ದಕ್ಕೂ ತೂತು. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮೂರೂ ಅದರಿಂದ ಒಂದೇ ತುಂಡಾಗ್ತವೆ. ಆಕ್ಸಿಲರೇಟರ್ ಬಿಟ್ಟು ಒತ್ತಿದಾಗ ಹಿಂದೆ ಯಾವುದೂ ರಬ್ಬರಿನ ಮೇಲೆ ತೂಗಾಡಲ್ಲ, ಕಾಲು ಮುಟ್ಟಿದ ಕೂಡ್ಲೇ ಕಾರು ಮುಂದಕ್ಕೆ ಹೋಗುತ್ತೆ. ಗೇರ್ ಲಿವರ್ ನೇರವಾಗಿ ಗೇರ್‌ಬಾಕ್ಸ್ ಮೇಲೇ ಕೂತಿದೆ, ಮಧ್ಯೆ ಕೇಬಲ್ ಇಲ್ಲ. ಎಸ್2000ದೂ ಹಾಗೇ, ಅದರ ಗೇರ್ ಹಾಕೋ ಸುಖ ಇದಕ್ಕೆ ಸರಿಸಮ. ಆದ್ರೆ ಎಸ್2000ದ ಸ್ಟೀರಿಂಗಿಗೆ ವಿದ್ಯುತ್ ಮೋಟರ್ ಇದೆ, ಅಲ್ಲೇ ಅದು ಮೂಕ ಆಗೋದು.

ಮಾಜ್ದಾದವರು ಇದಕ್ಕೆ ಜಿನ್ಬಾ ಇತ್ತಾಯ್ ಅಂತಾರೆ, ಕುದುರೆ-ಸವಾರ ಒಂದೇ ದೇಹ ಆಗೋದು. ಜಾಹೀರಾತಿನ ಮಾತು ಅಂದ್ಕೊಂಡಿದ್ದೆ. ಮೊದಲ ಸಲ ಆ ತೊಲೆ ಬಿಚ್ಚಿ ಕೈಯಲ್ಲಿ ಹಿಡಿದಾಗ ನಂಬಿದೆ.

ಕಾಲುದಾರಿ: ತುಂಬಾ ಧನ್ಯವಾದ ಸರ್. ಮತ್ತೆ ಮತ್ತೆ ಓದ್ತಿದೀನಿ.

ಎರಡೇ ಸೀಟು: ನಮಸ್ತೆ ಸರ್. 1994ರ ಎಂಎಕ್ಸ್-5 1.8. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು. ಎಂಜಿನ್ ಹೋಯ್ತಾ?

ಮೆಕ್ಯಾನಿಕ್: ಇಲ್ಲ. 1997ರ ತನಕದ ಎಂಜಿನ್‌ಗಳಲ್ಲಿ ವಾಲ್ವ್ ಒತ್ತೋ ಹೈಡ್ರಾಲಿಕ್ ಲಿಫ್ಟರ್ ಇದೆ, ಅದರಲ್ಲಿ ಆಯಿಲ್ ತುಂಬೋ ತನಕ ಹಾಗೆ ಸದ್ದು ಮಾಡುತ್ತೆ. ಆಯಿಲ್ ಮಟ್ಟ ನೋಡಿ, ಹಳೇದಾಗಿದ್ರೆ ಬದಲಿಸಿ.

ಒಂಬತ್ತು ಸಾವಿರ: ಮೇಷ್ಟ್ರೇ, ಗೌರವದಿಂದಲೇ ಹೇಳ್ತೀನಿ, ಎಸ್2000 ಬಗ್ಗೆ ಅನ್ಯಾಯ ಆಯ್ತು. 9,000ದ ಹತ್ತಿರ ಆ ಎಂಜಿನ್ ಹಾಡೋದನ್ನ ಕೇಳಿದವರು ಮತ್ತೆ ಇನ್ನೊಂದು ಕಾರು ನೋಡಲ್ಲ. ಎಂಎಕ್ಸ್-5 ಚೆನ್ನಾಗಿರಬಹುದು, ಆದ್ರೆ ಅದು ಹುಡುಗೀರ ಕಾರು.

ನೀಲಿ ಛಾವಣಿ: ನಾನು ಹುಡುಗಿ. ಹನ್ನೊಂದು ವರ್ಷದಿಂದ 1999ರ ಎಂಎಕ್ಸ್-5 ನನ್ನದೇ. ಅದರ ಕ್ಲಚ್ ನಾನೇ ಬದಲಿಸಿದೀನಿ. ನಿಮ್ಮ ಕಾರಿನ ಕ್ಲಚ್ ಯಾರು ಬದಲಿಸಿದ್ದು?

ಒಂಬತ್ತು ಸಾವಿರ: ಎಲ್ಲರೂ ಹೇಳೋ ಮಾತನ್ನ ಹೇಳಿದೆ, ಅಷ್ಟೇ.

ನೀಲಿ ಛಾವಣಿ: ಎಲ್ಲರೂ ಹೇಳಿದ್ರೆ ಸರಿ ಆಗಲ್ಲ. 1989ರ ಫೆಬ್ರವರಿಯಲ್ಲಿ ಚಿಕಾಗೊ ಪ್ರದರ್ಶನದಲ್ಲಿ ಬಂದ ಕಾರು, 2016ರ ಏಪ್ರಿಲ್‌ನಲ್ಲಿ ತಯಾರಾದ ಸಂಖ್ಯೆ 10 ಲಕ್ಷ ಮುಟ್ಟಿತು. ಎಸ್2000 1999ರಲ್ಲಿ ಬಂತು, 2009ಕ್ಕೆ ನಿಂತೇ ಹೋಯ್ತು.

ಒಂಬತ್ತು ಸಾವಿರ: ಜಾಸ್ತಿ ಮಾರಿದ್ದೆಲ್ಲ ಒಳ್ಳೇದಾ?

ಹಿಂದಿನ ಚಕ್ರ: ಇಬ್ಬರೂ ಸ್ವಲ್ಪ ತಡೀರಿ. ಸರ್, ನಾನು ಆರಡಿ ಎರಡಂಗುಲ. ಮೊದಲ ತಲೆಮಾರಿನ ಎಂಎಕ್ಸ್-5ರಲ್ಲಿ ಕೂರಬಹುದಾ?

ಮೋಡದ ಮರೆ: ಸರ್, ತುರ್ತು. 2002ರ ಬಾಕ್ಸ್‌ಸ್ಟರ್ ಎಸ್, 3.2. ತಗೊಂಡು ಎರಡು ತಿಂಗಳು. ಆಯಿಲ್ ಬದಲಿಸುವಾಗ ಫಿಲ್ಟರ್ ಮಡಿಕೆಯಲ್ಲಿ ಮಿನುಗು ಕಂಡಿತು. ಇನ್ನೊಂದು ಗುಂಪಲ್ಲಿ ಬಂದ ಮೆಸೇಜ್ ಕಳಿಸ್ತಿದೀನಿ: "ಆಯಿಲಿಗೆ ಅರ್ಧ ಲೀಟರ್ ಸೀಮೆಎಣ್ಣೆ ಬೆರೆಸಿ ಹತ್ತು ನಿಮಿಷ ಓಡಿಸಿ ಸುರಿಯಿರಿ, ಆಮೇಲೆ ದಪ್ಪ ಆಯಿಲ್ ಹಾಕಿ, ಲೋಹದ ಪುಡಿ ನಿಲ್ಲುತ್ತೆ." ಮಾಡ್ಲಾ?

ಮೆಕ್ಯಾನಿಕ್: ಮಾಡಬೇಡಿ. ಕಾರನ್ನ ಸ್ಟಾರ್ಟೇ ಮಾಡಬೇಡಿ. ಬೇರೆ ಪ್ರಶ್ನೆ ಬಿಟ್ಟು ಇದಕ್ಕೆ ಬಂದಿದೀನಿ, ಪೂರ್ತಿ ಓದಿ.

ನಿಮ್ಮ ಎಂಜಿನ್‌ನಲ್ಲಿ ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸೋ ಮುಖ್ಯ ಶಾಫ್ಟ್) ಕೆಳಗೆ ಇನ್ನೊಂದು ಶಾಫ್ಟ್ ಇದೆ. ವಾಲ್ವ್ ತೆರೆಯೋ ಕ್ಯಾಮ್‌ಗಳ ಚೈನುಗಳನ್ನ ತಿರುಗಿಸೋದು ಅದೇ. ಫ್ಲೈವೀಲ್ ಕಡೆ, ಅಂದ್ರೆ ಗೇರ್‌ಬಾಕ್ಸ್ ಇರೋ ತುದಿಯಲ್ಲಿ, ಆ ಶಾಫ್ಟನ್ನ ಹಿಡಿದಿರೋದು ಗ್ರೀಸ್ ತುಂಬಿ ಮುಚ್ಚಿದ ಒಂದು ಬಾಲ್ ಬೇರಿಂಗ್. ವರ್ಷ ಕಳೆದ ಹಾಗೆ ಸೀಲ್ ಸವೆದು ಎಂಜಿನ್ ಆಯಿಲ್ ಒಳಗೆ ನುಗ್ಗಿ ಗ್ರೀಸ್ ತೊಳೆದುಹಾಕುತ್ತೆ, ಆದ್ರೆ ಹೊಸ ಆಯಿಲ್ ಹರಿದು ಬರಲ್ಲ. ಗುಂಡುಗಳು ಒಣಗಿ ಉಜ್ಜುತ್ತವೆ. ಬೇರಿಂಗ್ ಒಡೆದ್ರೆ ಶಾಫ್ಟ್ ಓಲಾಡಿ ಚೈನಿನ ಲೆಕ್ಕ ತಪ್ಪುತ್ತೆ, ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತೆ, ಎಂಜಿನ್ ಕೆಲವೇ ಸೆಕೆಂಡಲ್ಲಿ ಮುಗಿಯುತ್ತೆ. ಸುಮಾರು 2000ದಿಂದ 2005ರ ತನಕದ ಕಾರುಗಳಲ್ಲಿ ಇರೋದು ಒಂದೇ ಸಾಲಿನ ಗುಂಡಿನ ಬೇರಿಂಗ್, ಹೆಚ್ಚು ತೊಂದರೆ ಅದರದ್ದೇ. ನಿಮ್ಮದು ಆ ಸಾಲಿನದು. 2009ರ ಹೊಸ ಎಂಜಿನ್‌ನಲ್ಲಿ ಆ ಶಾಫ್ಟೇ ಇಲ್ಲ.

ಸೀಮೆಎಣ್ಣೆ ಆಯಿಲನ್ನ ನೀರು ಮಾಡುತ್ತೆ. ಈಗಲೇ ಒಣಗಿ ಉಜ್ಜುತ್ತಿರೋ ಬೇರಿಂಗಿಗೆ ಅದು ಕೊನೆ ಏಟು. ದಪ್ಪ ಆಯಿಲ್ ಪುಡಿಯನ್ನ ನಿಲ್ಲಿಸಲ್ಲ. ಇಂಥ ಮೆಸೇಜ್ ದಾಟಿಸಿದವರು ಯಾರೂ ನಿಮ್ಮ ಎಂಜಿನ್ನಿಗೆ ದುಡ್ಡು ಕೊಡಲ್ಲ.

ಈಗ ಮಾಡಬೇಕಾದ್ದು: ಫಿಲ್ಟರಿನ ಕಾಗದವನ್ನ ಬ್ಲೇಡಿನಿಂದ ಕತ್ತರಿಸಿ ಬಿಳಿ ಬಟ್ಟೆ ಮೇಲೆ ಹರಡಿ. ಅಯಸ್ಕಾಂತವನ್ನ ಪ್ಲಾಸ್ಟಿಕ್ಕಲ್ಲಿ ಸುತ್ತಿ ಮೆಲ್ಲಗೆ ಆಡಿಸಿ. ಅಂಟಿದ್ದು ಉಕ್ಕು, ಬೇರಿಂಗಿನದಿರಬಹುದು. ಅಂಟದೆ ಬೆಳ್ಳಗೆ ಹೊಳೆಯೋದು ಅಲ್ಯೂಮಿನಿಯಂ. ಕಂದು, ಕಪ್ಪು ಪ್ಲಾಸ್ಟಿಕ್ ಚೂರಿದ್ರೆ ಚೈನಿನ ಗೈಡ್ ಕಡೆ ನೋಡ್ಬೇಕು. ಮೂರನ್ನೂ ಬೇರೆ ಬೇರೆ ಇಟ್ಟು ಫೋಟೊ ಹಾಕಿ.

ಹಿತೈಷಿ: ಆ ಮೆಸೇಜ್ ನಾನೇ ಹಾಕಿದ್ದು. ನಮ್ಮ ದೊಡ್ಡಪ್ಪ ಮೂವತ್ತು ವರ್ಷ ಲಾರಿಗೆ ಸೀಮೆಎಣ್ಣೆ ಹಾಕೇ ತೊಳೆದಿದಾರೆ. ಏನೂ ಆಗಿಲ್ಲ.

ಮೆಕ್ಯಾನಿಕ್: ನಿಮ್ಮ ದೊಡ್ಡಪ್ಪನವರ ಲಾರಿಯಲ್ಲಿ ಈ ಬೇರಿಂಗ್ ಇಲ್ಲ. ದಯವಿಟ್ಟು ಆ ಮೆಸೇಜ್ ಅಳಿಸಿ.

ಮಳೆಗಾಲ: 1996ರ ಎಂಎಕ್ಸ್-5. ಬ್ರೇಕ್ ಹಾಕಿದಾಗ ಬಾಗಿಲ ಕೆಳಗೆ ನೀರು ಕುಲುಕಿದ ಸದ್ದು. ಟಾಪಿನ ಮಳೆನೀರು ಇಳಿಯೋ ಡ್ರೈನ್ ಕಟ್ಟಿದೆಯಂತೆ, ಗಟ್ಟಿ ಕಬ್ಬಿಣದ ತಂತಿ ತೂರಿಸಿ ಅಂತ ವಿಡಿಯೊದಲ್ಲಿದೆ.

ಮೆಕ್ಯಾನಿಕ್: ಕಬ್ಬಿಣದ ತಂತಿ ಬೇಡ, ಒಳಗಿನ ಕೊಳವೆ ಹರಿಯುತ್ತೆ. ಆಮೇಲೆ ಪ್ರತಿ ಮಳೆಯೂ ಸಿಲ್ (ಬಾಗಿಲ ಕೆಳಗಿನ ಟೊಳ್ಳು ತಗಡಿನ ಪಟ್ಟಿ) ಒಳಗೇ. ಸೀಟ್‌ಬೆಲ್ಟ್ ಕಂಬದ ಪಕ್ಕದ ತೂತಿನಿಂದ ತುದಿ ದುಂಡಗಿರೋ ಮೆತ್ತನೆ ನೈಲಾನ್ ದಾರ ಇಳಿಸಿ, ಎಲೆ-ಮಣ್ಣು ತೆಗೀರಿ. ಹಿಂದಿನ ಚಕ್ರದ ಮುಂದೆ ನೀರು ಹೊರಗೆ ಬರಬೇಕು. ಆಮೇಲೆ ಸಿಲ್ಲಿನ ಹಿಂತುದಿಯನ್ನ ಹೆಬ್ಬೆರಳಿಂದ ಒತ್ತಿ ನೋಡಿ. ಬಣ್ಣ ಉಬ್ಬಿದ್ರೆ, ಕುರುಕುರು ಅಂದ್ರೆ, ಒಳಗಿಂದ ತುಕ್ಕು ಹೊರಗೆ ಬಂದಿದೆ. ಕಾಲುದಾರಿಯವರೇ, ನೀವೂ ತಗೊಳ್ಳೋ ಮೊದಲು ಇದನ್ನೇ ನೋಡಿ. ಈ ಕಾರಿನ ಎಂಜಿನ್ ಸಾಯಲ್ಲ, ಮೈ ಸಾಯುತ್ತೆ.

ಒಂಬತ್ತು ಸಾವಿರ: ನೋಡಿ, ತುಕ್ಕು ತಿನ್ನೋ ಕಾರನ್ನೇ ಹೊಗಳ್ತಿದ್ರಿ.

ನೀಲಿ ಛಾವಣಿ: ಮಳೆಯಲ್ಲಿ ಹಿಂಬದಿ ಜಾರಿ ಎಷ್ಟು ಎಸ್2000 ಗೋಡೆ ಹತ್ತಿದಾವೆ, ಅದನ್ನೂ ಹೇಳಿ. 2004ರಲ್ಲಿ ಹೋಂಡಾದವರೇ ಸಸ್ಪೆನ್ಷನ್ ಬದಲಿಸಿದ್ದು ಯಾಕೆ?

ಒಂಬತ್ತು ಸಾವಿರ: ಓಡಿಸೋಕೆ ಬರದವರಿಗೆ ಕಾರು ಏನು ಮಾಡುತ್ತೆ?

ನೀಲಿ ಛಾವಣಿ: ಈಗ ಗೊತ್ತಾಯ್ತು ನಿಮ್ಮ ಜೊತೆ ಮಾತಾಡಿ ಪ್ರಯೋಜನ ಇಲ್ಲ ಅಂತ.

ಕೈಗೇರು: 1991ರ 1.6. ಬೆಳಿಗ್ಗೆ ಟಿಕ್ ಟಿಕ್ ಸದ್ದು ಸರ್, ಹೆದರಿಕೆ ಆಗ್ತಿದೆ.

ಮೆಕ್ಯಾನಿಕ್: ಮೇಲೆ ಓದಿ.

ಹಿಂದಿನ ಚಕ್ರ: ಸರ್, ನನ್ನ ಎತ್ತರದ ಪ್ರಶ್ನೆ?

ಸಂಜೆಗಾಳಿ: 2016ರ ಫಿಯಟ್ 124 ಸ್ಪೈಡರ್ ಕೂಡ ಎಂಎಕ್ಸ್-5ರ ಮೈಮೇಲೇ ಕಟ್ಟಿದ್ದಲ್ವಾ? 1.4 ಟರ್ಬೊ. ಅದು ತಗೋಬಹುದಾ, ಮಾಜ್ದಾನೇ ಬೇಕಾ?

ಹಿತೈಷಿ: ಅಳಿಸಲ್ಲ. ಅನುಭವಕ್ಕೂ ಬೆಲೆ ಕೊಡಿ. ಓದಿದವರು ಮಾತ್ರ ಮೆಕ್ಯಾನಿಕ್ ಅಲ್ಲ.

ಮೆಕ್ಯಾನಿಕ್: ನಾನು ಓದಿ ಮೆಕ್ಯಾನಿಕ್ ಆದವನಲ್ಲ, ಮೈಗೆ ಆಯಿಲ್ ಬಳ್ಕೊಂಡು ಆದವನು. ಆ ಸಲಹೆ ನಂಬಿ ಎಂಜಿನ್ ಒಡೆದುಕೊಂಡ ಕಾರನ್ನ ಟ್ರಕ್ಕಿಂದ ಇಳಿಸ್ಕೊಂಡು, ಮಾಲೀಕರಿಗೆ ಸುದ್ದಿ ಹೇಳಿದವನು. ಇನ್ನು ನಿಮಗೆ ಉತ್ತರ ಕೊಡಲ್ಲ. ಅಡ್ಮಿನ್, ಆ ಮೆಸೇಜ್ ತೆಗೀರಿ.

ಮೋಡದ ಮರೆ: ಸರ್, ಫಿಲ್ಟರ್ ಕತ್ತರಿಸಿ ಹರಡಿದೆ. ಫೋಟೊ ಹಾಕಿದೀನಿ. ಅಯಸ್ಕಾಂತಕ್ಕೆ ಸೂಜಿಮೊನೆಯಷ್ಟು ಏಳೆಂಟು ಚೂರು ಅಂಟಿವೆ. ಒಂದು ಮಾತ್ರ ಅಕ್ಕಿ ನುಚ್ಚಿನಷ್ಟು, ಒಂದು ಕಡೆ ದುಂಡಗಿದೆ. ಪ್ಲಾಸ್ಟಿಕ್ ಇಲ್ಲ. ನಿನ್ನೆ ಪೆಟ್ರೋಲ್ ಬಂಕಿಗೆ ಹೋಗಿ ಬಂದಿದ್ದೆ, ಹೇಳೋದು ಮರೆತೆ.

ಮೆಕ್ಯಾನಿಕ್: ಆ ದುಂಡಗಿನ ಚೂರು ಗುಂಡಿನ ಸಿಪ್ಪೆ ತರ ಕಾಣ್ತಿದೆ. ಬ್ಯಾಟರಿ ತಂತಿ ಕಳಚಿಡಿ, ಮನೆಯಲ್ಲಿ ಯಾರೂ ಮರೆತು ಸ್ಟಾರ್ಟ್ ಮಾಡಬಾರದು. ಕಾರನ್ನ ಟ್ರಕ್ ಮೇಲೆ ಹಾಕಿ ತಗೊಂಡು ಹೋಗಿ. ಗೇರ್‌ಬಾಕ್ಸ್ ಇಳಿಸಿ ಬೇರಿಂಗ್ ಕಣ್ಣಾರೆ ನೋಡ್ಬೇಕು. "ಬೇರಿಂಗ್ ಒಂದೇ ಬದಲಿಸಿ ಕೊಡ್ತೀವಿ" ಅಂದ್ರೆ ಒಪ್ಪಬೇಡಿ. ಉಕ್ಕಿನ ಪುಡಿ ಆಯಿಲ್ ಜೊತೆ ಎಂಜಿನ್ ಪೂರ್ತಿ ಸುತ್ತಿರುತ್ತೆ. ಎಂಜಿನ್ ಬಿಚ್ಚಿ ತೊಳೆಯದೆ ಹೊಸ ಬೇರಿಂಗ್ ಹಾಕಿದ್ರೆ ಅದೂ ಹೋಗುತ್ತೆ. ಆ ಚೂರನ್ನ ಡಬ್ಬಿಯಲ್ಲಿಟ್ಟು ಜೊತೆಗೆ ಒಯ್ಯಿರಿ.

ಮೋಡದ ಮರೆ: ಬ್ಯಾಟರಿ ಕಳಚಿದೆ ಸರ್. ನಾಳೆ ಬೆಳಿಗ್ಗೆ ಟ್ರಕ್ ಬರುತ್ತೆ.

ಮೆಕ್ಯಾನಿಕ್: ಗೇರ್‌ಬಾಕ್ಸ್ ಇಳಿಸಿದ ತಕ್ಷಣ ಬೇರಿಂಗಿನ ಫೋಟೊ ಕಳಿಸಿ. ಎಷ್ಟೊತ್ತಾದ್ರೂ ಸರಿ.

ಹಿಂದಿನ ಚಕ್ರ: ಆರಡಿ ಎರಡಂಗುಲ, ಸರ್.