ಕಾರವಾರದ ಮನೆ: ಎರಡೇ ಮಳೆಗೆ ಹೊರಗೋಡೆಯ ಪೇಂಟ್ ಎದ್ದು ಬಂತು

ಪ್ರಶ್ನೆ: ನಮ್ಮದು ಕೋಡಿಬಾಗದಲ್ಲಿ ಚಿರೇಕಲ್ಲಿನ ಮನೆ, ಮೇಲೆ ಸಿಮೆಂಟ್ ಗಿಲಾವು. ಅಪ್ಪ ಕಟ್ಟಿಸಿದ್ದು. ಪಡುವಣ ಗೋಡೆಯಲ್ಲಿ ಪೇಂಟ್ ಹಪ್ಪಳದ ಹಾಗೆ ಏಳುತ್ತಿದೆ, ಅಡಿಯಲ್ಲಿ ಬಿಳಿ ಪುಡಿ. ಕಳೆದ ಸಲದವರು ಮೇ ಕೊನೆಗೆ ಬಂದು ಮೂರೇ ದಿನದಲ್ಲಿ ಮುಗಿಸಿದ್ದರು. ಈ ಸಲ ಸರಿಯಾಗಿ ಆಗಬೇಕು. ಏನೇನು ಮಾಡಿಸಲಿ?

ಉತ್ತರ (ಕುಮಟಾ, 22 ವರ್ಷದಿಂದ ಪೇಂಟಿಂಗ್ ಕೆಲಸ): ಆ ಬಿಳಿ ಪುಡಿ ಉಪ್ಪು ಸರ್. ಒಳಗಿನ ಪಸೆ ಹೊರಗೆ ಬರುವಾಗ ಅದನ್ನೂ ತರುತ್ತದೆ. ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ಹುಡುಕಿ. ಸಜ್ಜಾದ ಮೇಲ್ಭಾಗ, ಪೈಪಿನ ಸಂದು ನೋಡಿ. ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಸಡಿಲ ಪೇಂಟ್ ಪೂರ್ತಿ ಕೆರೆದು, ಪಾಚಿ ಇದ್ದಲ್ಲಿ ಬ್ಲೀಚ್ ನೀರು ಹಚ್ಚಿ ತೊಳೆಯಬೇಕು. ಆಮೇಲೆ ಚೆನ್ನಾಗಿ ಒಣಗಲಿ. ಅನುಮಾನ ಇದ್ದರೆ ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಬದಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ. ಮಾರನೇ ದಿನ ಒಳಗೆ ಹನಿ ಕಂಡರೆ ಪೇಂಟ್ ಡಬ್ಬಿ ತೆಗೆಯಲೇಬೇಡಿ. ಬಿರುಕು ತುಂಬಿ, ಒಂದು ಕೋಟ್ ಪ್ರೈಮರ್, ಎರಡು ಕೋಟ್ ಎಕ್ಸ್‌ಟೀರಿಯರ್ ಎಮಲ್ಷನ್ (ಹೊರಗೋಡೆಯ ಪೇಂಟ್). ಡಬ್ಬಿಯಲ್ಲಿ ಬರೆದದ್ದಕ್ಕಿಂತ ಜಾಸ್ತಿ ನೀರು ಬೆರೆಸಲು ಬಿಡಬೇಡಿ.

ಉತ್ತರ (ಶಿರಸಿ): ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಮಾಡಿಸಿ. ಕಿಟಕಿ ಸರಳಿನ ತುಕ್ಕು ಉಜ್ಜಿಸಿ ತುಕ್ಕು ತಡೆಯುವ ರೆಡ್ ಆಕ್ಸೈಡ್ ಹೊಡೆಸಿ, ಇಲ್ಲದಿದ್ದರೆ ಹೊಸ ಪೇಂಟ್ ಮೇಲೆ ಕೆಂಪು ಕಲೆ ಇಳಿಯುತ್ತದೆ.

ಪ್ರಶ್ನೆ ಕೇಳಿದವರು: ಸಜ್ಜಾ ಹತ್ತಿ ನೋಡಿದೆ. ಬೆರಳು ಹೋಗುವಷ್ಟು ಬಿರುಕಿದೆ! ಮೊದಲು ಗಾರೆಯವರನ್ನೇ ಕರೆಸುತ್ತೇನೆ.