ಓದುಗರ ಸ್ಪಂದನ: ಹೊರರಾಜ್ಯದ ವಿಶ್ವವಿದ್ಯಾಲಯದಲ್ಲಿ ಮಗಳಿಗೆ ಸೀಟು ಸಿಕ್ಕೀತೇ?

ಅಮೆರಿಕದ ಓಹಿಯೋ ರಾಜ್ಯದ ಕೊಲಂಬಸ್‌ನಿಂದ ತಂದೆಯೊಬ್ಬರು ಬರೆದಿದ್ದರು: ಮಗಳಿಗೆ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯಲ್ಲಿ 1600ಕ್ಕೆ 1520 ಬಂದಿದೆ. ಕಂಪ್ಯೂಟರ್ ಸೈನ್ಸ್ ಓದಲು ನಾರ್ತ್ ಕ್ಯಾರೊಲೈನಾದ ಚಾಪೆಲ್ ಹಿಲ್, ಟೆಕ್ಸಸ್‌ನ ಆಸ್ಟಿನ್, ಕ್ಯಾಲಿಫೋರ್ನಿಯಾದ ಬರ್ಕ್ಲಿ, ಈ ಮೂರು ಸರ್ಕಾರಿ ವಿಶ್ವವಿದ್ಯಾಲಯಗಳನ್ನು ಬಿಟ್ಟು ಬೇರೆಲ್ಲೂ ಅರ್ಜಿ ಹಾಕುವುದಿಲ್ಲ ಎನ್ನುತ್ತಾಳೆ. ಇಷ್ಟು ಅಂಕಕ್ಕೆ ಒಂದಾದರೂ ಸಿಗದೇ?

ಅಣ್ಣಾ, ನಮ್ಮ ಮನೆಯಿಂದ ಚಾಪೆಲ್ ಹಿಲ್ ಅರ್ಧ ಗಂಟೆಯ ದಾರಿ. ಅಲ್ಲಿ ಮೊದಲ ವರ್ಷಕ್ಕೆ ಸೇರುವವರಲ್ಲಿ ಹೊರರಾಜ್ಯದವರು ಶೇ. 18 ದಾಟುವಂತಿಲ್ಲ, 1986ರಿಂದಲೂ ಇದೇ ನಿಯಮ. ಒಟ್ಟಾರೆ ಪ್ರವೇಶದ ಪ್ರಮಾಣ ನೋಡಿ ಧೈರ್ಯ ತಂದುಕೊಳ್ಳಬೇಡಿ. ಅದರಲ್ಲಿ ನಾರ್ತ್ ಕ್ಯಾರೊಲೈನಾದ ಮಕ್ಕಳೂ ಸೇರಿದ್ದಾರೆ. ಹೊರಗಿನವರದ್ದನ್ನೇ ಬೇರೆ ತೆಗೆದರೆ ನೂರಕ್ಕೆ ಹತ್ತು ಮಂದಿಗೂ ಸಿಗುವುದಿಲ್ಲ. ಆಸ್ಟಿನ್ ಇನ್ನೂ ಬಿಗಿ: ಹೊಸದಾಗಿ ಸೇರುವವರಲ್ಲಿ ಶೇ. 90 ಟೆಕ್ಸಸ್‌ನವರೇ ಇರಬೇಕು. ನಿಮ್ಮ ಮಗಳಲ್ಲಿ ಕೊರತೆಯೇನೂ ಇಲ್ಲ. ಆ ಸಂಸ್ಥೆಗಳು ಮೊದಲು ತಮ್ಮ ರಾಜ್ಯದ ಮಕ್ಕಳಿಗೆ ಸಲ್ಲಬೇಕು, ಅಷ್ಟೇ. ಬಹುತೇಕ ವಿಶ್ವವಿದ್ಯಾಲಯಗಳು ವರ್ಷ ವರ್ಷ ‘ಕಾಮನ್ ಡೇಟಾ ಸೆಟ್’ ಎಂಬ ದಾಖಲೆ ಹೊರತರುತ್ತವೆ. ಈಚಿನವುಗಳಲ್ಲಿ ಒಳರಾಜ್ಯ, ಹೊರರಾಜ್ಯದ ಅರ್ಜಿಗಳ ಲೆಕ್ಕ ಬೇರೆ ಬೇರೆಯಾಗಿಯೇ ಇರುತ್ತದೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಓದಿ.
— ಒಬ್ಬ ತಾಯಿ, ಕ್ಯಾರಿ

ಮಾನ್ಯರೇ, ಎರಡು ವರ್ಷದ ಹಿಂದೆ ನಾವೂ ಇದೇ ಆಸೆಯಲ್ಲಿದ್ದೆವು. ಬರ್ಕ್ಲಿ ಸೇರಿದಂತೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಯಾವ ಕ್ಯಾಂಪಸ್ಸೂ ಪ್ರವೇಶಕ್ಕೆ ಎಸ್‌ಎಟಿ ಅಂಕವನ್ನು ನೋಡುವುದೇ ಇಲ್ಲ. ನೀವು ನೆಚ್ಚಿಕೊಂಡಿರುವ 1520 ಅಲ್ಲಿ ಲೆಕ್ಕಕ್ಕೇ ಬಾರದು. ಜಿಪಿಎಯನ್ನೂ, ಅಂದರೆ ಶಾಲೆಯ ಅಂಕಗಳ ಸರಾಸರಿಯನ್ನೂ, ಅವರು ತಮ್ಮದೇ ರೀತಿಯಲ್ಲಿ ಕಟ್ಟುತ್ತಾರೆ: ಹೊರರಾಜ್ಯದವರಿಗೆ ಎಪಿ, ಐಬಿ ಎಂಬ ಕಾಲೇಜು ಮಟ್ಟದ ಪಾಠಗಳಿಗೆ ಹೆಚ್ಚುವರಿ ಅಂಕ ಸಿಗುತ್ತದೆಯೇ ಹೊರತು ಶಾಲೆಯೇ ನಡೆಸುವ ‘ಆನರ್ಸ್’ ಎಂಬ ಮೇಲ್ಮಟ್ಟದ ಪಾಠಗಳಿಗೆ ಸಿಗುವುದಿಲ್ಲ. ನನ್ನ ಮಗನ ಜಿಪಿಎಯನ್ನು ಅಡುಗೆಮನೆಯ ಮೇಜಿನ ಮೇಲೆ, ದಿನಸಿ ಚೀಟಿಯ ಹಿಂಬದಿಯಲ್ಲಿ ನಾನೇ ಕೂಡಿ ಕಳೆದು ನೋಡಿದಾಗ ಎದೆ ಧಸಕ್ಕೆಂದಿತು. ಅರ್ಜಿ ಹಾಕಿ ಆಗಿಹೋಗಿತ್ತು. ಅವನು ಅಕ್ಟೋಬರಿನಲ್ಲೇ ಕೊಂಡಿದ್ದ ಬರ್ಕ್ಲಿಯ ನೀಲಿ ಸ್ವೆಟರ್ ಮಾರ್ಚ್ ಮುಗಿದರೂ ಬೆಲೆಚೀಟಿ ಸಮೇತ ಕಪಾಟಿನಲ್ಲೇ ಇತ್ತು. ಮಗುವಿಗೆ ಆ ದಿನ ಬಾರದಂತೆ ಈಗಲೇ ನೋಡಿಕೊಳ್ಳಿ.

ಹಣದ ಮಾತನ್ನೂ ಮುಚ್ಚಿಡಬೇಡಿ. ಅಲ್ಲಿ ಹೊರರಾಜ್ಯದವರು ಮಾಮೂಲಿ ಶುಲ್ಕದ ಮೇಲೆ ವರ್ಷಕ್ಕೆ 34 ಸಾವಿರ ಡಾಲರಿಗೂ ಹೆಚ್ಚು ತೆರಬೇಕು. ಸೀಟು ಸಿಕ್ಕ ಮೇಲೆ ‘ಆಗುವುದಿಲ್ಲ ಮಗಳೇ’ ಎನ್ನುವುದು ಸಿಗದೇ ಹೋಗುವುದಕ್ಕಿಂತ ಕ್ರೂರ.
— ನ್ಯೂಜೆರ್ಸಿಯ ತಂದೆ

ಅಂಕಲ್, ನಾನು ನಿಮ್ಮೂರಿನ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎರಡನೇ ವರ್ಷ ಓದುತ್ತಿದ್ದೇನೆ. ನಾನೂ ಮೊದಲು ‘ಮನೆ ಪಕ್ಕದ ಕಾಲೇಜು ಬೇಡ’ ಎಂದು ಅಳುತ್ತಿದ್ದವಳು. ಆ ಮೂರನ್ನು ಕೈಬಿಡುವಂತೆ ಅವಳನ್ನು ಒತ್ತಾಯಿಸಬೇಡಿ, ಹಾಕಲಿ. ಆದರೆ ಪಟ್ಟಿಯ ಕೊನೆಯಲ್ಲಿ ಬೇಸರದಿಂದಲ್ಲ, ಮೊದಲಲ್ಲೇ ನಮ್ಮ ಕಾಲೇಜನ್ನೂ ಬರೆಯಲಿ. ಒಂದು ಶನಿವಾರ ಅವಳನ್ನು ಕರೆತನ್ನಿ. ನನ್ನ ಲ್ಯಾಬ್ ತೋರಿಸುತ್ತೇನೆ, ಊಟವೂ ನಮ್ಮ ಮೆಸ್‌ನಲ್ಲೇ ಆಗಲಿ. ಇಲ್ಲಿಯ ಮೊದಲ ಸುತ್ತಿನ ಅರ್ಜಿಗೆ ನವೆಂಬರ್ 1 ಕೊನೆಯ ದಿನ. ಅದಕ್ಕೆ ಮೊದಲೇ ಬನ್ನಿ.
— ವಿದ್ಯಾರ್ಥಿನಿ, ಕೊಲಂಬಸ್