ಭೂಮಿ ಮೇಲಿನ ನೀರು ಕಡಿಮೆಯಾಗಲ್ಲ ಅಂದ್ರೆ ನಮ್ಮ ಬೋರಿನ ನೀರು ಹೋಗಿದ್ದೆಲ್ಲಿಗೆ?

ಸುಮಾ_ವರ್ತೂರು:
ಮಗಳು ಏಳನೇ ಕ್ಲಾಸು. ಭೂಮಿಯ ಒಟ್ಟು ನೀರು ಹೆಚ್ಚೂಕಡಿಮೆ ಅಷ್ಟೇ ಇರುತ್ತೆ, ಸುತ್ತುತ್ತಾ ಇರುತ್ತೆ ಅಂತ ಓದ್ಕೊಂಡು ಬಂದಿದ್ದಾಳೆ. "ಹಾಗಿದ್ರೆ 2024ರ ಬೇಸಿಗೇಲಿ ನಮ್ಮ ಬಿಲ್ಡಿಂಗಿನ ಎರಡೂ ಬೋರ್ ಬತ್ತಿಹೋಯ್ತಲ್ಲಮ್ಮ, ಆ ನೀರು ಈಗ ಎಲ್ಲಿದೆ?" ಅಂತ ಕೇಳ್ತಾಳೆ. ಆವಿಯಾಗಿ ಮಳೆಯಾಯ್ತು ಅಂದೆ. ಮಳೆಯಾಗಿದ್ರೆ ವಾಪಸ್ ಬೋರಿಗೇ ಬರಬೇಕಿತ್ತಲ್ಲ ಅನ್ನೋದು ಅವಳ ವಾದ. ತಿಳಿದವರು ಹೇಳ್ತೀರಾ?

ಕಲ್ಲುನೀರು:
ಒಳ್ಳೇ ಪ್ರಶ್ನೆ ಮೇಡಂ. ಬೋರ್ ಪಾಯಿಂಟ್ ನೋಡೋ ಭೂವಿಜ್ಞಾನದ ಕೆಲಸದಲ್ಲೇ ತಲೆ ನರೆತವನು ನಾನು, ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ.

ನೀರು ಎಷ್ಟಿದೆ ಅನ್ನೋದಕ್ಕಿಂತ ಎಲ್ಲಿ ಎಷ್ಟು ಕಾಲ ನಿಲ್ಲುತ್ತೆ ಅನ್ನೋದನ್ನ ನೋಡ್ಬೇಕು. ಸುಮಾರು ಶೇ. 97ರಷ್ಟು ಸಮುದ್ರದಲ್ಲಿದೆ. ಇರೋ ಸಿಹಿನೀರಲ್ಲಿ ಮೂರನೇ ಎರಡು ಪಾಲಿಗೂ ಹೆಚ್ಚು ಹಿಮ, ಶೇ. 30ರಷ್ಟು ಅಂತರ್ಜಲ. ನದಿ, ಕೆರೆ ಎಲ್ಲ ಕೂಡಿಸಿದ್ರೂ ಶೇ. 1 ಆಗಲ್ಲ. ಗಾಳಿಯಲ್ಲಿರೋ ಆವಿಯಂತೂ ಅಷ್ಟೂ ಒಟ್ಟಿಗೆ ಸುರಿದ್ರೆ ಭೂಮಿಯಿಡೀ ಒಂದಿಂಚು ಮಳೆ, ಅಷ್ಟೇ. ಆದ್ರೆ ಆವಿ ಮೇಲಿರೋದು ಸರಾಸರಿ ಒಂಬತ್ತು-ಹತ್ತು ದಿನ. ಅಂಟಾರ್ಕ್ಟಿಕಾದಲ್ಲಿ ಕೊರೆದು ತೆಗೆದ ಹಿಮದಲ್ಲಿ 8 ಲಕ್ಷ ವರ್ಷ ಹಳೆಯದೂ ಇದೆ.

ನಮ್ಮ ಬೋರಿನ ನೀರು ಈ ಎರಡರ ನಡುವಿನದು. ಬೆಂಗಳೂರಿನ ಕೆಳಗಿರೋದು ಲಾಲ್‌ಬಾಗ್ ಬಂಡೆಯಂಥದೇ ಕಲ್ಲು, ಸುಮಾರು 300 ಕೋಟಿ ವರ್ಷದ್ದು. ಬೋರ್ ಕೊರೆಯೋವಾಗ ನಿಂತು ನೋಡಿ. ಮೊದಲು ಕೆಂಪು ಮಣ್ಣು ಬರುತ್ತೆ, ಆಮೇಲೆ ಕೈಯಲ್ಲಿ ಹಿಸುಕಿದ್ರೆ ಪುಡಿಯಾಗೋ ಕೊಳೆತ ಕಲ್ಲು. ಅಲ್ಲೀವರೆಗೆ ಮಣ್ಣು ಕುಸಿಯದ ಹಾಗೆ ಕೇಸಿಂಗ್ ಪೈಪು. ಅದರ ಕೆಳಗೆ ಬರೀ ಬೂದು ದೂಳು, ಅಕ್ಕಪಕ್ಕದ ಗಿಡದ ಎಲೆ ಮೇಲೆಲ್ಲ ಕೂರುತ್ತೆ. 'ಗ್ಯಾಪ್' ಸಿಕ್ಕಿದ ತಕ್ಷಣ ದೂಳು ನಿಂತು ಕೆಸರು ಎಗರುತ್ತೆ. ಆ ಗ್ಯಾಪ್ ಎಷ್ಟೋ ಸಲ ಬೆರಳು ತೂರುವಷ್ಟೂ ಇರಲ್ಲ. ಗಟ್ಟಿ ಕಲ್ಲಲ್ಲಿ ನೀರಿರೋದು ಇಂಥ ಬಿರುಕಲ್ಲೇ. ಸಾವಿರ ಅಡಿ ಆಳದ ಸಂದಿಗೆ ಮಳೆನೀರು ಇಳಿಯೋಕೆ ತುಂಬಾ ಕಾಲ ಬೇಕು, ನಾವು ಮೋಟರ್ ಹಾಕಿ ಎಳೆಯೋದು ದಿನಾ.

ಎಳೆದಿದ್ದು ಬಚ್ಚಲಿಂದ ಮೋರಿಗೆ, ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಕೊನೆಗೆ ತಮಿಳುನಾಡಿನ ಕಡಲೂರು ಹತ್ರ ಬಂಗಾಳ ಕೊಲ್ಲಿ. ಅಲ್ಲಿಗೆ ಸೇರಿದ ನೀರು ಮತ್ತೆ ಆವಿಯಾಗೋಕೆ ಸರಾಸರಿ ಮೂರು ಸಾವಿರ ವರ್ಷ. ದಾರಿಯಲ್ಲೇ ಆವಿಯಾಗಿ ಹೋಗಿದ್ದೂ ಇದೆ. ಅದು ಮಳೆಯಾಗಿ ಎಲ್ಲಿ ಬೀಳುತ್ತೋ, ನಮ್ಮ ಸೈಟ್ ಹುಡುಕ್ಕೊಂಡಂತೂ ಬರಲ್ಲ.

ಬಸವನಗುಡಿ_ದಿಣ್ಣೆ:
ಇದಕ್ಕೊಂದು ಸೇರಿಸ್ತೀನಿ. ನಮ್ಮೂರು ದಿಣ್ಣೆ ಮೇಲಿದೆ, ನೀರು ಎರಡು ಕಡೆ ಹರಿಯುತ್ತೆ. ನಮ್ಮ ಕಡೆ ವೃಷಭಾವತಿ, ಅದು ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತಂದ ಕಾವೇರಿ ನೀರನ್ನ ನಾವು ಬಳಸಿದ್ರೆ ಉಳಿದದ್ದು ಕಾವೇರಿ ಕಡೆಗೇ ಹೋಗುತ್ತೆ. ಅದೇ ನೀರು ವರ್ತೂರಲ್ಲಿ ಬಳಸಿದ್ರೆ ಬೇರೆ ನದಿಯ ಪಾಲು. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನ ಶುದ್ಧ ಮಾಡಿ ಕೋಲಾರದ ಕೆರೆಗಳಿಗೂ ಕಳಿಸ್ತಿದ್ದಾರೆ.

ಸುಮಾ_ವರ್ತೂರು:
ಇಬ್ಬರಿಗೂ ಥ್ಯಾಂಕ್ಸ್! ಓದಿ ಹೇಳಿದೆ. ಈಗ ಇನ್ನೊಂದು ಪ್ರಶ್ನೆ: ನಮ್ಮ ಮನೆ ಮೇಲೆ ಬೀಳೋ ಮಳೆ ಯಾವೂರ ನೀರು?

ಕಲ್ಲುನೀರು:
ಮುಂಗಾರಿನ ಗಾಳಿ ಸಮಭಾಜಕ ವೃತ್ತದ ದಕ್ಷಿಣದಿಂದ ಹೊರಟು, ಸೊಮಾಲಿಯಾ ಕರಾವಳಿ ಬಳಸಿ, ಅರಬ್ಬೀ ಸಮುದ್ರದ ಆವಿ ಹೊತ್ತುಕೊಂಡು ಬರುತ್ತೆ. ಘಟ್ಟದಲ್ಲಿ ಚೆನ್ನಾಗಿ ಸುರಿದು ಮಿಕ್ಕಿದ್ದು ನಮಗೆ. ಆದ್ರೂ ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ ಇದೆ. ಮೂವತ್ತಡಿಗೆ ನಲವತ್ತಡಿ ಸೈಟ್ ಮೇಲೆ ಬೀಳೋದೇ ಒಂದು ಲಕ್ಷ ಲೀಟರಿಗೆ ಮೇಲೆ! ಅಷ್ಟು ದೂರದಿಂದ ಬಂದ ನೀರು ಕಾಂಕ್ರೀಟ್ ಮೇಲೆ ಬಿದ್ದು ಗಂಟೆಯೊಳಗೆ ಮೋರಿ ಸೇರೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ನಿಮ್ಮ ಬಿಲ್ಡಿಂಗಲ್ಲಿ ಜಾಗ ಇದ್ರೆ ಬಾವಿ ತೋಡೋ ಮಣ್ಣು ವಡ್ಡರನ್ನ ಕರೆಸಿ, ಇಪ್ಪತ್ತು-ಮೂವತ್ತು ಅಡಿ ಇಂಗುಬಾವಿ ತೋಡಿಸಿ. ಕೊಳೆತ ಕಲ್ಲಿನ ಪದರ ನೀರನ್ನ ಚೆನ್ನಾಗಿ ಹಿಡಿದುಕೊಳ್ಳುತ್ತೆ. ತಾರಸಿ ನೀರನ್ನ ಮಾತ್ರ ಸೀದಾ ಹಳೇ ಬೋರಿನ ಕೇಸಿಂಗಿಗೆ ಬಿಡಬೇಡಿ. ಜಲ್ಲಿ, ಮರಳಿನ ಫಿಲ್ಟರ್ ಇಲ್ಲದಿದ್ರೆ ಹೂಳು ಹೋಗಿ ಇರೋ ಗ್ಯಾಪೂ ಕಟ್ಟಿಕೊಳ್ಳುತ್ತೆ, ಕೊಳಕೂ ಕೆಳಗಿಳಿಯುತ್ತೆ.